ಬೋಲ್ಟಿನ ಆಚೆ ಕೈ, ಈಚೆ ಕೈ

ರೆಡ್ ಆಕ್ಸೈಡ್ ಬಳಿದು ಇನ್ನೂ ಪೂರ್ತಿ ಒಣಗದ ಕಬ್ಬಿಣದ ಮೇಲೆ ಕರ್ಪೂರ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಅದು ದೇವಸ್ಥಾನದ್ದೂ ಅಲ್ಲ, ವರ್ಕ್‌ಶಾಪಿನದ್ದೂ ಅಲ್ಲ. ಸೀಮೆಣ್ಣೆ, ಸುಟ್ಟ ಬಣ್ಣ, ಕರ್ಪೂರ ಮೂರೂ ಸೇರಿ ಮೂಗಿನೊಳಗೆ ಹತ್ತಿ ಕೂತುಬಿಡುತ್ತದೆ. ಹೋದ ತಿಂಗಳು ನಂಜನಗೂಡಿನ ಹತ್ತಿರ, ತಾಂಡ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಯಲ್ಲಿ ಬೈಕು ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದೆ. ಯಾವುದೋ ಹೊಸ ಶೆಡ್ಡಿನ ಕಡೆಯಿಂದ ಆ ವಾಸನೆ ಬಂತು. ಏನು ಮಾತಾಡುತ್ತಿದ್ದೆನೋ ಮರೆತುಹೋಯಿತು. ನನ್ನ ಬಲಗೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಗಿ ಅಡಗಿಕೊಂಡಿತು.

ಆ ಕೈಯ ಮೇಲೆ ಒಂದು ಬೇಸಿಗೆಯಲ್ಲಿ ಒಂದು ಅಪವಾದ ಬಿತ್ತು. ಹೊರಿಸಿದವನಿಗೆ ನಾನು ಅದನ್ನು ವಾಪಸು ಕೊಟ್ಟೆ. ಕೊಟ್ಟದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ನನ್ನ ನೆನಪು ಸರಿಯಿದೆಯೇ ಎಂಬ ಅನುಮಾನ ಮಾತ್ರ ಇದೆ. ಯಾರೋ ಹೇಳಿದ ಮಾತ್ರಕ್ಕೆ ಏನನ್ನೂ ನಂಬಬೇಡ ಎಂದು ವಿಶ್ವವಿದ್ಯಾನಿಲಯದಲ್ಲಿ ಕಲಿತೆ. ಆ ಪಾಠವನ್ನು ನನ್ನ ತಲೆಯ ಮೇಲೂ ಪ್ರಯೋಗಿಸುವ ಚಟ ಅಲ್ಲಿಂದಲೇ ಅಂಟಿತು.

ತೊಂಬತ್ತರ ದಶಕದ ನಡುವಿನ ಮಾತು. ಎಂ.ಟೆಕ್. ಮುಗಿಸಿ ಮೈಸೂರಿನ ಒಂದು ಡಿಸೈನ್ ಆಫೀಸಿಗೆ ಸೇರಿದ್ದೆ. ಮನೆ ಟಿ. ನರಸೀಪುರದಲ್ಲಿ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ನಾನು ಹೈಸ್ಕೂಲಿನಲ್ಲಿದ್ದಾಗಲೇ ಗೋಡೆಯ ಮೇಲಿನ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನ ಒಂದೇ ಪಟ ಹಾಕಿದವರು. ಅಮ್ಮ ಮಾತ್ರ ಇಳಿಸಿದ ಪಟಗಳಲ್ಲಿ ಒಂದನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟುಕೊಂಡಿದ್ದರು. ಅಪ್ಪನಿಗೂ ಅದು ಗೊತ್ತಿತ್ತು. ಆಫೀಸಿನವರು ನನ್ನನ್ನು ತಾಂಡ್ಯದ ಒಂದು ಕೆಲಸಕ್ಕೆ ಹಾಕಿದರು. ಶಿವರಾತ್ರಿ ಕಳೆದು ಚಳಿ ಶಿವಶಿವಾ ಎಂದು ಹೋದ ಮೇಲಿನಿಂದ ಮಳೆಗಾಲ ಹಿಡಿಯುವ ತನಕ ನಾನು ನರಸೀಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಓಡಾಡಿದೆ. ಬಿಳಿಗೆರೆ ಕಡೆ ಹತ್ತುವ ಹೆಂಗಸರು ಸೊಪ್ಪಿನ ಕಟ್ಟುಗಳನ್ನು ನನ್ನ ಡ್ರಾಯಿಂಗ್ ಕೊಳವೆಗೆ ಒರಗಿಸಿ ಕೂರುತ್ತಿದ್ದರು. ಸಂಜೆ ನಂಜನಗೂಡಿನ ಸೇತುವೆಯ ಮೇಲೆ ಬಸ್ಸು ನಿಧಾನ ಮಾಡಿದಾಗ ಕೆಳಗೆ ಕಪಿಲೆ ಬಂಡೆಗಳ ನಡುವೆ ಎಳೆಎಳೆಯಾಗಿ ಹರಿಯುತ್ತಿರುತ್ತಿತ್ತು. ಅದೂ ನಮ್ಮೂರಿಗೇ ಹೊರಟದ್ದು, ಕಾವೇರಿಯನ್ನು ಕೂಡಿಕೊಳ್ಳಲು. ಅದಕ್ಕೆ ಮನೆಗೆ ಹೋಗಿ ಯಾರಿಗೂ ಉತ್ತರ ಹೇಳಬೇಕಿರಲಿಲ್ಲ.

ಕೆಲಸ ಮಲ್ಲಪ್ಪನವರದು. ನರಸೀಪುರದಲ್ಲಿ ಅಕ್ಕಿ ವ್ಯಾಪಾರ ಮಾಡಿಕೊಂಡು ಬಂದವರು, ತಾಂಡ್ಯದಲ್ಲಿ ಅವಲಕ್ಕಿ ಕಾರ್ಖಾನೆ ಕಟ್ಟಲು ಹೊರಟಿದ್ದರು. ಹಣೆಯ ತುಂಬ ವಿಭೂತಿ, ಮೆಲು ಮಾತು, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಉಕ್ಕಿನ ಚೌಕಟ್ಟು ಕಟ್ಟಿ ನಿಲ್ಲಿಸುವ ಗುತ್ತಿಗೆ ನಂಜನಗೂಡಿನ ಉಮಾಪತಿಯದು. ರೈಲು ಹಳಿಯ ಪಕ್ಕ ಅವನ ವರ್ಕ್‌ಶಾಪು. ಅವನಿದ್ದ ಕಡೆ ನಗು ಇರುತ್ತಿತ್ತು, ಯಾರನ್ನಾದರೂ ಗೋಳುಹೊಯ್ದುಕೊಂಡು ಉಳಿದವರನ್ನು ನಗಿಸುತ್ತಿದ್ದ. ಅವನ ಕೆಲಸ ಅಚ್ಚುಕಟ್ಟು ಎಂದು ಬರೆಯಲು ನನಗೆ ಈಗಲೂ ಹಿಂಸೆಯಾಗುತ್ತದೆ, ಆದರೆ ಅದು ನಿಜ.

ಉಕ್ಕಿನ ಕಟ್ಟಡಕ್ಕೆ ಕಂಬ, ತೊಲೆ ಇದ್ದರೆ ಸಾಲದು. ಗಾಳಿ ಪಕ್ಕದಿಂದ ತಳ್ಳಿದರೆ ಚೌಕಟ್ಟು ಖಾಲಿ ಬೆಂಕಿಪೊಟ್ಟಣದ ಹಾಗೆ ಓರೆಯಾಗುತ್ತದೆ. ಅದನ್ನು ತಡೆಯಲು ಮೂಲೆಯಿಂದ ಮೂಲೆಗೆ ಒಂದು ಓರೆ ಆಸರೆ ಕೊಡುತ್ತೇವೆ. ಅದೇ ಬ್ರೇಸು. ಅದರ ತುದಿ ಕಂಬಕ್ಕೆ ಸೇರುವಲ್ಲಿ ಒಂದು ದಪ್ಪ ತಗಡು, ಅದಕ್ಕೆ ಗಸೆಟ್ ಎನ್ನುತ್ತಾರೆ. ಬ್ರೇಸಿನ ಗೆರೆ ಕಂಬದ ಬುಡಕ್ಕೇ ಬಂದು ಕೂಡಿದರೆ ಗಾಳಿಯ ಬಲ ಸೀದಾ ನೆಲಕ್ಕೆ ಇಳಿದುಹೋಗುತ್ತದೆ. ಬುಡ ಬಿಟ್ಟು ಮೇಲೆಲ್ಲೋ ಕೂಡಿದರೆ ಆ ಬಲ ಕಂಬದ ಎದೆಯನ್ನು ಹಿಡಿದು ಜಗ್ಗುತ್ತದೆ. ಗೆರೆ ಎಷ್ಟು ದೂರ ತಪ್ಪಿತೋ ಅಷ್ಟು ಬಾಗು. ಡಿಸೈನ್ ಮಾಡುವವನು ಅದನ್ನು ಲೆಕ್ಕದಲ್ಲಿ ಹಿಡಿದು, ಕಂಬಕ್ಕೆ ಬೇಕಾದ ಬಲ ಕೊಡಬೇಕು. ಇಲ್ಲದಿದ್ದರೆ ಬಾಗುವುದು ಕಂಬ.

ಮಲ್ಲಪ್ಪನವರಿಗೆ ಲಾರಿ ಬರುವ ಬಾಗಿಲು ಈಶಾನ್ಯಕ್ಕೇ ಬೇಕಿತ್ತು. ನಾನು ಬ್ರೇಸು ಇಟ್ಟದ್ದೂ ಅದೇ ಮೂಲೆಯಲ್ಲಿ. ಬೇರೆ ಕಡೆಗೆ ಸರಿಸೋಣವೆಂದರೆ ಅತ್ತ ಯಂತ್ರಗಳು, ಇತ್ತ ಪಕ್ಕದವರ ಗೋಡೆ. ನನಗೆ ವಾಸ್ತುವಿನಲ್ಲಿ ನಂಬಿಕೆ ಇರಲಿಲ್ಲ, ಆದರೆ ಲಾರಿಗೆ ಬಾಗಿಲು ಬೇಕು ಎಂಬುದರಲ್ಲಿ ಇತ್ತು. ಹಾಗಾಗಿ ಬ್ರೇಸಿನ ಕೆಳತುದಿಯನ್ನು ಲಾರಿಯ ತಲೆಗಿಂತ ಮೇಲಕ್ಕೆ ಎತ್ತಿ ಮೂಲೆಯ ಕಂಬಕ್ಕೆ ಸೇರಿಸಿದೆ. ಹಾಗೆ ಎತ್ತಿದ್ದರಿಂದ ಬರುವ ಬಾಗಿಗೆ ಕಂಬದ ಎರಡೂ ಮೈಗೆ ಬುಡದಿಂದ ಗಸೆಟ್ಟಿನ ಮೇಲಿನವರೆಗೂ ಉದ್ದಪಟ್ಟಿ, ಒಳಗೆ ಅಡ್ಡಪಟ್ಟಿ, ಎಲ್ಲವನ್ನೂ ವೆಲ್ಡ್ ಮಾಡಬೇಕು ಎಂದು ಬರೆದೆ. ನನ್ನ ಕೈಯಿಂದ ಬಂದ ಮೊದಲ ಸ್ವಂತ ಡಿಸೈನು ಅದು. ಬಸ್ಸಿನಲ್ಲಿ ಕೂತು ಆ ಜೋಡಣೆಯನ್ನು ಮನಸ್ಸಿನಲ್ಲೇ ಬಿಚ್ಚಿ ಕಟ್ಟುತ್ತಿದ್ದೆ.

ಮುಹೂರ್ತದ ದಿನ ಆ ಕಂಬ ಇನ್ನೂ ನೆಲದ ಮೇಲೆ ಮರದ ದಿಮ್ಮಿಗಳ ಮೇಲೆ ಮಲಗಿತ್ತು. ಪಟ್ಟಿಗಳು ಬಂದಿರಲಿಲ್ಲ, ತರಬೇಕಿದ್ದ ಲಾರಿ ಎಲ್ಲೋ ಕೆಟ್ಟು ನಿಂತಿತ್ತು. ಪೂಜೆ ಮಾಡಿಸಲು ಬಂದಿದ್ದ ಅಯ್ಯನವರು ಗಳಿಗೆ ಮೀರುತ್ತದೆ ಎಂದರು. ಗಸೆಟ್ ತಗಡನ್ನು ಕಂಬಕ್ಕೆ ಕೂಡಿಸುವ ಮೊದಲ ಬೋಲ್ಟ್ ಆ ಗಳಿಗೆಯಲ್ಲಿ ಬೀಳಬೇಕು, ಆಮೇಲೆ ಕಂಬ ಏಳಬೇಕು. ಪಟ್ಟಿಗಳನ್ನು ನಿಲ್ಲಿಸಿದ ಮೇಲೂ ವೆಲ್ಡ್ ಮಾಡಬಹುದು ಎಂದು ನಾನೇ ಒಪ್ಪಿದೆ. ಅದು ತಪ್ಪೂ ಆಗಿರಲಿಲ್ಲ.

ಆಗ ಮಲ್ಲಪ್ಪನವರು ಹೇಳಿದರು: “ಲೆಕ್ಕ ಆಕ್ದೋರು ನೀವು, ಕಟ್ಟೋರು ಉಮಾಪತಿ. ಇಬ್ರೂ ಒಂದೊಂದು ಕಡೆ ಕೂತು ಕೈ ಆಕಿ ಇಂಜಿನಿಯರ್ರೇ.”

ನಮ್ಮ ಮನೆ ನರಸೀಪುರದ ಯಾವ ಬೀದಿಯಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಕರೆದರು. ಅದನ್ನು ಅವರ ಲೆಕ್ಕದಿಂದ ನಾನು ಯಾವತ್ತೂ ಕಳೆದಿಲ್ಲ.

ಕಂಬದ ಆಚೆಗೆ ಒಬ್ಬ, ಈಚೆಗೆ ಒಬ್ಬ ಕುಕ್ಕರಗಾಲಿನಲ್ಲಿ ಕೂತೆವು. ನಡುವೆ ಉಕ್ಕು. ಒಬ್ಬರ ಕೈ ಒಬ್ಬರಿಗೆ ಕಾಣುತ್ತಿರಲಿಲ್ಲ. ಒಂದು ಕಡೆಯಿಂದ ಬೋಲ್ಟ್ ತೂರಬೇಕು, ಇನ್ನೊಂದು ಕಡೆಯಿಂದ ನಟ್ಟು ಹಿಡಿದು ತಿರುಗಿಸಬೇಕು. ತಟ್ಟೆಯಲ್ಲಿ ಬೋಲ್ಟಿಗೂ ನಟ್ಟಿಗೂ ಕುಂಕುಮ ಹಚ್ಚಿ ಇಟ್ಟಿದ್ದರು. ಯಾರೋ ನನ್ನ ಕೈಗೆ ಒಂದನ್ನು ಕೊಟ್ಟರು. ಬೆರಳಿಗೆ ಗ್ರೀಸು ಹತ್ತಿದ್ದು ಚೆನ್ನಾಗಿ ನೆನಪಿದೆ. ಆದರೆ ಗ್ರೀಸನ್ನು ಎರಡಕ್ಕೂ ಬಳಿದಿದ್ದರು. ಉಮಾಪತಿ ಆ ಕಡೆಯಿಂದ, “ನಿಧಾನ ಸಾ, ನನ್ ಬೆಳ್ಳಿಗೂ ಮದ್ವೆ ಮಾಡ್ಬುಟ್ಟೀರ” ಎಂದದ್ದು, ಬೆರಳು ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅವನು ಹಾಗೆ ಹೇಳಿದ್ದು, ಎಲ್ಲರೂ ನಕ್ಕದ್ದು ನೆನಪಿದೆ. ನನ್ನ ಕೈಗೆ ಬಂದದ್ದು ಬೋಲ್ಟೋ ನಟ್ಟೋ ಎಂಬುದು ಮಾತ್ರ ನೆನಪಿನಲ್ಲಿ ಇಲ್ಲ. ಆಗ ಅದು ಯಾರಿಗೂ ಬೇಕಾದ ಸಂಗತಿಯೂ ಆಗಿರಲಿಲ್ಲ.

ಗಸೆಟ್ಟಿಗೆ ವಿಭೂತಿಯ ಮೂರು ಪಟ್ಟೆ ಎಳೆದರು. ಹಳದಿ ಬಟ್ಟೆಯಲ್ಲಿ ನವಧಾನ್ಯ ಕಟ್ಟಿ ಬೋಲ್ಟಿನ ಪಕ್ಕ ಬಿಗಿದರು. ಕರ್ಪೂರ ಹಚ್ಚಿದರು. ಚೈನ್ ಪುಲ್ಲಿ ಕಿರುಗುಟ್ಟಿ ಕಂಬ ಎದ್ದು ನಿಂತಿತು. ಮುಗಿಯಿತು ಅನ್ನುವಾಗ ಉಮಾಪತಿ ಕೈಮುಗಿದುಕೊಂಡು ಅಯ್ಯನವರನ್ನು ಕೇಳಿದ:

“ಬುದ್ಧಿ, ಪೂಜೆ ಆದ ಕಂಬಕ್ಕೆ ಬೆಂಕಿ ತಗುಲ್ಸಬೌದಾ?”

ಹಾಗೆ ಕೇಳಿದರೆ ಯಾರು ತಾನೇ ಹೂಂ ಎಂದಾರು. ಕಾರ್ಖಾನೆಯ ಪ್ರವೇಶ ಆಗುವ ತನಕ ಬೇಡ ಎಂದರು ಅಯ್ಯನವರು. ಮಲ್ಲಪ್ಪನವರು ತಲೆಯಾಡಿಸಿದರು. ವೆಲ್ಡಿಂಗ್ ಎಂದರೆ ಬೆಂಕಿಯೇ. ಆ ವಾರ ಉಮಾಪತಿಗೆ ಗುಂಡ್ಲುಪೇಟೆ ಕಡೆ ಇನ್ನೊಂದು ಕೆಲಸ ಕಾಯುತ್ತಿತ್ತು. ವೆಲ್ಡರ್ ರೆಹಮಾನನನ್ನು ಅಲ್ಲಿಗೆ ಕಳಿಸಬೇಕಿತ್ತು. ಪ್ರಶ್ನೆ ಕೇಳಿದ್ದು ಅದಕ್ಕೇ ಎಂದು ನಾನು ಎಷ್ಟೋ ವರ್ಷ ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದೆ. ಅವನಿಗೆ ಭಕ್ತಿಯೂ ಇದ್ದಿರಬಹುದು ಎಂದು ನನ್ನೊಳಗಿನ ಇನ್ನೊಬ್ಬ ಈಗ ಗೊಣಗುತ್ತಾನೆ. ಇರಬಹುದು. ಭಕ್ತಿ ಅನುಕೂಲಕ್ಕೆ ಒದಗಿದರೆ ಯಾರು ಬೇಡ ಎನ್ನುತ್ತಾರೆ.

ಪಟ್ಟಿಗಳು ಬಂದು ಕಂಬದ ಬುಡದಲ್ಲೇ ಬಿದ್ದಿದ್ದವು. ನಾನು ಬಿಡಲಿಲ್ಲ. ವೆಲ್ಡ್ ಮಾಡದೆ ಬ್ರೇಸು ಕೆಲಸ ಮಾಡುವ ಹಾಗಿಲ್ಲ, ಗಾಳಿ ಬಂದರೆ ಕಂಬ ಬಾಗುತ್ತದೆ ಎಂದು ಉಮಾಪತಿಗೆ ಬಿಡಿಸಿ ಹೇಳಿದೆ. ಅವನು ಬೀಡಿ ಹಚ್ಚುತ್ತಾ, “ಅಷ್ಟು ದಪ್ಪ ಕಂಬ ಬಾಗಕ್ಕೆ ಅದೇನ್ ಬಾಳೆ ದಿಂಡಾ ಸಾ” ಎಂದ. ಕೊನೆಗೆ ಒಂದು ಒಪ್ಪಂದವಾಯಿತು. ಪ್ರವೇಶದ ತನಕ ಕಂಬವನ್ನು ತಂತಿ ಹಗ್ಗಗಳಿಂದ ನೆಲದ ಗೂಟಗಳಿಗೆ ಬಿಗಿದಿಡುವುದು, ಆ ಭಾಗಕ್ಕೆ ಗೋಡೆಯ ತಗಡು ಹೊದಿಸದಿರುವುದು. ತಗಡು ಇಲ್ಲದಿದ್ದರೆ ಗಾಳಿಗೆ ಹಿಡಿಯಲು ಮೈಯಿರುವುದಿಲ್ಲ. ಅವನು ಆಯ್ತು ಎಂದ. ಹಗ್ಗ ಬಿಗಿದದ್ದನ್ನು ನಾನೇ ನಿಂತು ನೋಡಿದೆ.

ಆ ವರ್ಷದ ಬಿಸಿಲು ಕೆಟ್ಟದ್ದು. ಕಬ್ಬಿಣ ಮುಟ್ಟಿದರೆ ಚರ್ಮ ಅಂಟುತ್ತಿತ್ತು. ಗುಂಡ್ಲುಪೇಟೆಯಿಂದ ತಿರುಗಿ ಬಂದಿದ್ದ ರೆಹಮಾನ್ ಬೋಲ್ಟುಗಳನ್ನು ಬಕೆಟ್ಟಿನ ನೀರಿನಲ್ಲಿ ಹಾಕಿಕೊಂಡು ಒಂದೊಂದೇ ತೆಗೆಯುತ್ತಿದ್ದ. ಗೇಟಿನೆದುರಿನ ಗೂಡಂಗಡಿಯ ಜಯಮ್ಮ ಮಜ್ಜಿಗೆಗೆ ಎಷ್ಟು ನೀರು ಬೆರೆಸಿದರೂ ಜನ ಕುಡಿಯುತ್ತಿದ್ದರು. ಆಫೀಸಿನ ಬೇರೆ ಕೆಲಸಕ್ಕೆ ನಾನು ಕೆಲವು ದಿನ ಮೈಸೂರಿನಲ್ಲೇ ಉಳಿಯಬೇಕಾಯಿತು. ತಿರುಗಿ ತಾಂಡ್ಯಕ್ಕೆ ಬಂದ ದಿನ ನೋಡಿದರೆ ಹಗ್ಗಗಳಿಲ್ಲ. ಅವಲಕ್ಕಿ ಯಂತ್ರ ತಂದ ಲಾರಿಗೆ ಅಡ್ಡವಾಯಿತು ಎಂದು ಬಿಚ್ಚಿದ್ದರು. ಗೋಡೆಗೆ ತಗಡನ್ನೂ ಹೊದಿಸಿ ಆಗಿತ್ತು. ಉಮಾಪತಿಯನ್ನು ಹುಡುಕಿಕೊಂಡು ಹೊರಟೆ. ಅವನು ಸಿಗುವ ಮೊದಲು ಭರಣಿ ಮಳೆ ಸಿಕ್ಕಿತು.

ಸಂಜೆಗೆ ಇನ್ನೂ ಬೆಳಕಿತ್ತು. ಮೊದಲು ಧೂಳು, ಆಮೇಲೆ ಗಾಳಿ, ಕೊನೆಗೆ ಮಳೆ. ನಾನು ಜಯಮ್ಮನ ಅಂಗಡಿಯ ಸೂರಿನಡಿ ನಿಂತಿದ್ದೆ. ಗಾಳಿ ಪಶ್ಚಿಮದಿಂದ ಬಂತೆಂದೇ ನನ್ನ ನೆನಪು. ಮುಖಕ್ಕೆ ಹೊಡೆದ ಮಣ್ಣಿನ ರುಚಿ ಈಗಲೂ ನಾಲಗೆಯ ಮೇಲಿದೆ. ಆದರೆ ಕಂಬ ಬಾಗಿದ್ದು ಒಳಕ್ಕೆ, ಬಾಗಿಲಿನ ಕಡೆಗೆ. ಆ ಬ್ರೇಸು ಅದನ್ನು ಒಳಕ್ಕೆ ಎಳೆಯಬೇಕಾದರೆ ಗಾಳಿ ಪೂರ್ವದಿಂದಲೇ ಬೀಸಿರಬೇಕು. ಕಂಬವನ್ನು ನಂಬುತ್ತೇನೆ. ಹಾಗಾದರೆ ನನ್ನ ಮುಖಕ್ಕೆ ಹೊಡೆದ ಗಾಳಿ ಯಾವುದು ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಮಳೆ ನಿಂತ ಮೇಲೆ ಒಳಗೆ ಹೋಗಿ ನೋಡಿದೆ. ಯಾರಿಗೂ ಪೆಟ್ಟಾಗಿರಲಿಲ್ಲ, ಕಟ್ಟಡವೂ ಬಿದ್ದಿರಲಿಲ್ಲ. ಮೂಲೆಯ ಕಂಬ ಒಂದೇ, ಗಸೆಟ್ಟಿನ ಮಟ್ಟದಲ್ಲಿ, ನಾನು ಲೆಕ್ಕದಲ್ಲಿ ತೋರಿಸಿದ್ದ ಜಾಗದಲ್ಲೇ ಹೊಟ್ಟೆ ಹಿಡಿದುಕೊಂಡವನ ಹಾಗೆ ಬಾಗಿ ನಿಂತಿತ್ತು. ನವಧಾನ್ಯದ ಗಂಟಿನಿಂದ ಹಳದಿ ನೀರು ತೊಟ್ಟಿಕ್ಕುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಮೊದಲು ಆದದ್ದು ಸಂತೋಷ. ನನ್ನ ಲೆಕ್ಕ ಸರಿಯಿತ್ತು.

ಮರುದಿನ ಬೆಳಿಗ್ಗೆ ಮಲ್ಲಪ್ಪನವರು ಬಂದರು. ಕೆಲಸದವರೆಲ್ಲ ಸುತ್ತ ನಿಂತಿದ್ದರು. ನಾನು ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕಂಬ, ಬ್ರೇಸು, ಬಾಗು ಎಲ್ಲವನ್ನೂ ಬರೆದು, ಪಟ್ಟಿಗಳು ವೆಲ್ಡ್ ಆಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ವಿವರಿಸಿದೆ. ಹಗ್ಗ ಬಿಚ್ಚಿದ್ದನ್ನೂ ಹೇಳಿದೆ. ಅವರು ಸಾವಧಾನವಾಗಿ ಕೇಳಿ ಉಮಾಪತಿಯ ಕಡೆ ತಿರುಗಿದರು. ಅವನು ತಲೆ ಕೆರೆದುಕೊಂಡ. ಹಗ್ಗದ ಮಾತನ್ನೇ ಎತ್ತಲಿಲ್ಲ.

“ಯಜಮಾನ್ರೇ, ನಾನು ಓದ್ದೋನಲ್ಲ. ಕಂಬ ಇಷ್ಟ್ ವರ್ಸದಲ್ಲಿ ಎಷ್ಟ್ ನಿಲ್ಸಿವ್ನಿ, ಒಂದೂ ಮಲಗಿಲ್ಲ. ಬೋಲ್ಟ್ ತೂರುದ್ದು ಸಾಹೇಬ್ರು, ನಾನು ನಟ್ ತಿರುಗಿಸ್ದೋನು ಅಷ್ಟೇಯ. ಮೊದಲ್ನೇ ಕೈ ಅವರ್ದು. ಕೈಗುಣ ಅನ್ನೋದು ಒಂದು ಅದೆ ನೋಡಿ, ಅದು ಇವರ ಲೆಕ್ಕದಲ್ಲಿ ಬರಕ್ಕಿಲ್ಲ.”

ಎಲ್ಲರೂ ನನ್ನ ಕೈ ನೋಡಿದರು. ಕೈಯಲ್ಲಿ ಸೀಮೆಸುಣ್ಣವಿತ್ತು. ಆ ಕ್ಷಣದಲ್ಲಿ ನಾನು ‘ಸುಳ್ಳು’ ಎನ್ನಬೇಕಿತ್ತು. ಬೇರೆ ಯಾರೇ ಆಗಿದ್ದರೂ ಅನ್ನುತ್ತಿದ್ದರು. ನಾನು ನೆನಪು ಮಾಡಿಕೊಳ್ಳುತ್ತಾ ನಿಂತೆ. ಬೋಲ್ಟೋ, ನಟ್ಟೋ. ಗ್ರೀಸು, ಕುಂಕುಮ, ಆಚೆಯಿಂದ ನಗು. ಬಾಯಿ ತೆರೆಯುವಷ್ಟರಲ್ಲಿ ಸುಮ್ಮನಿದ್ದದ್ದೇ ಒಪ್ಪಿಗೆಯಾಗಿಹೋಗಿತ್ತು.

“ಲೆಕ್ಕ ಸರಿ ಇರಬೌದು ಇಂಜಿನಿಯರ್ರೇ,” ಎಂದರು ಮಲ್ಲಪ್ಪನವರು, ನೋವಾಗದ ಹಾಗೆ. ಮುಂದಿನದನ್ನು ಅವರು ಹೇಳಲಿಲ್ಲ.

ಶಾಂತಿ ಮಾಡಿಸಿದರು. ಶಾಂತಿಯಾದ ಮೇಲೆ ಕಂಬಕ್ಕೆ ಬೆಂಕಿ ತಗುಲಿಸಬಹುದು ಎಂದಾಯಿತು. ರೆಹಮಾನ್ ಗ್ಯಾಸಿನ ಉರಿಯಲ್ಲಿ ಕಂಬ ಕಾಯಿಸಿ, ಜಾಕ್ ಕೊಟ್ಟು ನೆಟ್ಟಗೆ ಮಾಡಿದ. ಬುಡದಲ್ಲಿ ಬಿದ್ದಿದ್ದ ಪಟ್ಟಿಗಳನ್ನು ನಾನು ಬರೆದಿದ್ದ ಹಾಗೆಯೇ, ನಾನು ಬರೆದಿದ್ದ ಜಾಗದಲ್ಲೇ ವೆಲ್ಡ್ ಮಾಡಿದ. ಮೊದಲೇ ಮಾಡಬೇಕಾಗಿದ್ದನ್ನೆಲ್ಲ ಮಾಡಿದರು. ಆಮೇಲೆ ಆ ಕಂಬ ಅಲುಗಾಡಲಿಲ್ಲ. ಅದಕ್ಕೆ ಕಾರಣ ಶಾಂತಿ ಎಂದು ತಾಂಡ್ಯಕ್ಕೆಲ್ಲ ಗೊತ್ತಾಯಿತು. ಬಾಗಿದ್ದಕ್ಕೆ ಕಾರಣ ನಾನು ಎಂದೂ ಗೊತ್ತಾಯಿತು.

ಲೆಕ್ಕ ತಪ್ಪು ಎಂದಿದ್ದರೆ ಲೆಕ್ಕ ತೋರಿಸಿ ಜಗಳ ಆಡಬಹುದಿತ್ತು. ಕೈಗುಣಕ್ಕೆ ಯಾವ ಲೆಕ್ಕ ತೋರಿಸುವುದು. ಮುಂಗಾರಿನಲ್ಲಿ ಪಕ್ಕದ ಪ್ಲಾಟಿನವರು ಗುದ್ದಲಿ ಪೂಜೆಗೆ ಆಫೀಸಿನಿಂದ ಇಂಜಿನಿಯರನ್ನು ಕರೆದರು. ನಾನು ಹೋದೆ. ಗೇಟಿನಲ್ಲಿ ನಿಲ್ಲಿಸಿ, ಪೂಜೆ ಮುಗಿಯಲಿ ಸಾ, ಆಮೇಲೆ ಬರುವಿರಂತೆ ಎಂದರು. ಮಳೆ ಹನಿಯುತ್ತಿತ್ತು, ಕೊಡೆ ಮಾತ್ರ ಕೊಟ್ಟರು. ಇನ್ನೊಂದು ಬೆಳಿಗ್ಗೆ ಬಸ್ಸಿಳಿದು ಜಯಮ್ಮನ ಅಂಗಡಿಗೆ ಹೋಗಿ ಟೀ ಕೇಳಿದೆ. ಅವಳು ಒಲೆ ಕಡೆಯೇ ನೋಡುತ್ತಾ, “ಒಂದ್ ಗಳಿಗೆ ತಡ್ಕಳಿ ಸಾ, ಇನ್ನೂ ಬೋಣಿ ಆಗಿಲ್ಲ” ಎಂದಳು. ಬೇರೆ ಯಾರಾದರೂ ಮೊದಲ ವ್ಯಾಪಾರ ಮಾಡುವ ತನಕ ನಾನು ನಿಂತಿರಬೇಕಿತ್ತು. ನಿಂತೆ. ಒಬ್ಬ ಲಾರಿ ಕ್ಲೀನರ್ ಬಂದು ಬೀಡಿ ಕೊಂಡ. ಆಮೇಲೆ ನನಗೆ ಟೀ ಬಂತು. ಸಕ್ಕರೆ ಎಂದಿಗಿಂತ ಜಾಸ್ತಿಯೇ ಇತ್ತು.

ಅಪ್ಪನಿಗೆ ಹೇಳಿದೆ. ಅವರು, ನಿನ್ನ ಕೈ ಅಂದರೆ ಏನು ಅಂತ ನಿನಗೆ ಯಾಕೆ ತಿಳಿಯಲಿಲ್ಲ, ನಮ್ಮ ಕೈ ಬಗ್ಗೆ ಅವರು ಹೊಸದಾಗಿ ಹೇಳುತ್ತಿದ್ದಾರಾ ಎಂದು ಕೇಳಿದರು. ಇರಬಹುದು. ಆದರೆ ಮಲ್ಲಪ್ಪನವರು ಆ ಕೈಯನ್ನೇ ಕರೆದು ಕೂರಿಸಿದ್ದರು. ಉಮಾಪತಿ ಆ ಅರ್ಥದಲ್ಲಿ ಹೇಳಿದನೋ, ತನ್ನ ತಲೆ ಉಳಿಸಿಕೊಳ್ಳಲು ಹತ್ತಿರದಲ್ಲಿ ಸಿಕ್ಕಿದ್ದನ್ನು ಎಸೆದನೋ, ನನಗೆ ತೀರ್ಮಾನಿಸಲಾಗಲಿಲ್ಲ. ಎರಡರಲ್ಲಿ ಯಾವುದಾದರೂ ಅವನನ್ನು ಬಿಡಬಾರದು ಎಂಬುದು ಮಾತ್ರ ತೀರ್ಮಾನವಾಯಿತು. ಕಪಿಲೆ ತುಂಬಿ ಹರಿದು ಸೇತುವೆಯ ಮೇಲಿನ ಓಡಾಟ ನಿಂತ ವಾರ ಆಫೀಸಿನವರು ನಿನ್ನನ್ನು ಯಾವ ಸೈಟಿಗೆ ಕಳಿಸೋದು ಹೇಳು ಎಂದರು. ಕೆಲಸ ಬಿಟ್ಟೆ.

ಆಮೇಲೆ ಎಷ್ಟೋ ವರ್ಷ ಡಿಪ್ಲೊಮಾ ಹುಡುಗರಿಗೆ ಪಾಠ ಹೇಳಿದೆ. ಕಪ್ಪುಹಲಗೆಯ ಮೇಲೆ ತಪ್ಪಿ ಕೂಡುವ ಗೆರೆಗಳನ್ನು ಬರೆಯುವಾಗೆಲ್ಲ ಉಮಾಪತಿಯ ಮುಖ ಕಣ್ಣಮುಂದೆ ಬರುತ್ತಿತ್ತು. ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಬ್ಯಾಂಕು ಸಾಲ ಕೊಡುವ ಮೊದಲು ಕಟ್ಟಡಗಳನ್ನು ಪರೀಕ್ಷೆ ಮಾಡಿ ವರದಿ ಕೊಡುವ ಕೆಲಸಕ್ಕೆ ನನ್ನನ್ನು ಹಾಕಿಕೊಂಡಿತು. ಒಂದು ದಿನ ಬಂದದ್ದು ಮಲ್ಲಪ್ಪನವರ ಕಡತ. ಹಳೇ ಶೆಡ್ಡಿನ ಪಕ್ಕ ಎರಡರಷ್ಟು ದೊಡ್ಡದು ಕಟ್ಟುತ್ತಾರೆ. ಗುತ್ತಿಗೆ ಉಮಾಪತಿಗೆ ಎಂದು ಮಾತಾಗಿದೆ.

ಮೊದಲು ಕವಲಂದೆಗೆ ಹೋದೆ. ರೆಹಮಾನ್ ವೆಲ್ಡಿಂಗ್ ಬಿಟ್ಟು ಅಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ, ಕಣ್ಣು ಮಂಜಾಗಿತ್ತು. ಅವತ್ತು ಮುಹೂರ್ತದಲ್ಲಿ ಬೋಲ್ಟ್ ತೂರಿದ್ದು ಯಾರು ಎಂದು ಕೇಳಿದೆ. ಅವನು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುತ್ತಾ ನಕ್ಕ. “ಯಾರ್ ತೂರುದ್ರೆ ಏನ್ ಸಾ, ನೀವಿಬ್ರೂ ಎದ್ದೋದ್ ಮ್ಯಾಕೆ ಸ್ಪ್ಯಾನರ್ ಆಕಿ ಬಿಗಿ ಮಾಡುದ್ದು ನಾನು. ನನ್ ಕೈಗುಣ ಯಾರೂ ಕೇಳ್ಲೇ ಇಲ್ವಲ್ಲ.” ಇಷ್ಟು ಬಿಟ್ಟರೆ ಅವನಿಗೆ ನೆನಪಿದ್ದದ್ದು ಅವತ್ತಿನ ಊಟದ ಹೋಳಿಗೆ.

ತಾಂಡ್ಯಕ್ಕೆ ಹೋದ ದಿನ ನನ್ನ ಚೀಲದಲ್ಲಿ ಸುತ್ತಿಗೆ, ತೂಕದ ಗುಂಡು, ಬಣ್ಣ ಕೆರೆಯುವ ಉಳಿ ಇದ್ದವು. ಉಮಾಪತಿಯ ವೆಲ್ಡಿನಲ್ಲಿ ಒಂದು ಬಿರುಕು ಸಿಕ್ಕರೆ ಸಾಕಿತ್ತು. ಅವನೂ ಅಲ್ಲೇ ಇದ್ದ. ತಲೆಗೆ ಬಣ್ಣ ಹಚ್ಚಿಕೊಂಡಿದ್ದ. “ಏನ್ ಸಾ, ಚೆನ್ನಾಗ್ ದಪ್ಪ ಆಗ್ಬುಟ್ಟಿದ್ದೀರ, ಈಗ ಗಾಳಿಗೆ ಬಾಗಕ್ಕಿಲ್ಲ ಬುಡಿ” ಎಂದು ನನ್ನ ಭುಜ ತಟ್ಟಿದ. ಹಳೆಯದೊಂದು ತಮಾಷೆ ನೆನಪಾದವನ ಹಾಗೆ ನಕ್ಕ. ನನ್ನ ಬದುಕಿನ ಇಷ್ಟು ವರ್ಷ ಅವನಿಗೆ ಅಷ್ಟೇ ಆಗಿತ್ತು.

ಇಡೀ ಮಧ್ಯಾಹ್ನ ಹುಡುಕಿದೆ. ಏಣಿ ಹಾಕಿ ಗಸೆಟ್ಟಿನ ತನಕ ಹತ್ತಿದೆ. ಬಣ್ಣ ಕೆರೆದೆ. ಸುತ್ತಿಗೆಯಿಂದ ತಟ್ಟಿದೆ. ಗುಂಡು ಇಳಿಬಿಟ್ಟೆ. ಕಂಬ ನೆಟ್ಟಗಿತ್ತು. ವೆಲ್ಡು ನುಣುಪಾಗಿ, ತುಂಬಿಕೊಂಡು, ಒಂದು ತೂತೂ ಇಲ್ಲದೆ ಕೂತಿತ್ತು. ಪಾಠದಲ್ಲಿ ತೋರಿಸಬಹುದಾದಂಥ ಕೆಲಸ. ವಿದ್ಯೆ ನನ್ನ ಕೈಗೆ ಅವನ ಮೇಲೆ ಎಸೆಯಲು ಒಂದು ಕಲ್ಲನ್ನೂ ಕೊಡಲಿಲ್ಲ. ಸುಳ್ಳು ವರದಿ ಬರೆಯುವುದು ನನ್ನಿಂದಾಗದು. ಕಟ್ಟಡ ಗಟ್ಟಿಯಾಗಿದೆ ಎಂದೇ ಬರೆದೆ.

ಆಮೇಲೆ ಮಲ್ಲಪ್ಪನವರ ಕೋಣೆಯಲ್ಲಿ ಕೂತೆವು, ನಾನು, ಅವರು, ಉಮಾಪತಿ. ಅವರಿಗೆ ವಯಸ್ಸಾಗಿತ್ತು, ವಿಭೂತಿ ಹಚ್ಚುವ ಬೆರಳು ನಡುಗಿ ಪಟ್ಟೆಗಳು ಸೊಟ್ಟಗಾಗಿದ್ದವು. ಹೊಸ ಶೆಡ್ಡಿನ ಮುಹೂರ್ತದ ಮಾತು ಬಂತು. ಈ ಸಲ ಮೊದಲ ಬೋಲ್ಟಿಗೆ ಯಾರನ್ನು ಕೂರಿಸೋದೋ, ಅದೇ ಯೋಚನೆ ಎಂದರು, ನನ್ನ ಮುಖ ನೋಡದೆ. ಬಾಗಿದ ಕಂಬವನ್ನು ಅವರು ಮರೆತಿರಲಿಲ್ಲ.

ನಾನು ಟೀ ಲೋಟ ಕೆಳಗಿಟ್ಟೆ.

“ಹೋದ ಸಲ ಬೋಲ್ಟ್ ತೂರಿದ್ದು ಉಮಾಪತಿಯವರು. ನಟ್ಟು ತಿರುಗಿಸಿದ್ದು ನಾನು.”

ದನಿ ಎತ್ತಲಿಲ್ಲ. ಮನೆಯ ವಿಳಾಸ ಹೇಳುವ ಹಾಗೆ ಹೇಳಿದೆ. ಅವತ್ತು ಯಾಕೆ ಹೇಳಲಿಲ್ಲ ಎಂದು ಮಲ್ಲಪ್ಪನವರು ಕೇಳಿದರು. ಚಿಕ್ಕವನಿದ್ದೆ, ಕೈಗುಣದಲ್ಲಿ ನನಗೆ ನಂಬಿಕೆ ಇರಲಿಲ್ಲ, ಮುಖ್ಯ ಅನಿಸಲಿಲ್ಲ ಎಂದೆ. ಮೂರರಲ್ಲಿ ಎರಡು ನಿಜ.

ಉಮಾಪತಿ ಬಾಯಿ ತೆರೆದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ‘ಸುಳ್ಳು’ ಎನ್ನುವನೆಂದು ಕಾದೆ. ಅನ್ನಲಿಲ್ಲ. ಅವನ ಕಣ್ಣು ಮೇಜಿನ ಮೇಲಿನಿಂದ ಎಲ್ಲೋ ದೂರಕ್ಕೆ ಹೋಯಿತು. ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜಿಕೊಂಡಿತು, ಗ್ರೀಸು ಹುಡುಕುವ ಹಾಗೆ. ಅವನೂ ನೆನಪು ಮಾಡಿಕೊಳ್ಳುತ್ತಿದ್ದ. ಆ ಮೌನ ಎಷ್ಟು ಉದ್ದ ಎಂಬುದು ನನಗೆ ಗೊತ್ತಿತ್ತು, ನಾನು ಅದರಲ್ಲಿ ನಿಂತು ಬಂದವನು. ಮಲ್ಲಪ್ಪನವರು ಅವನ ಕೈ ನೋಡಿದರು. ಆಮೇಲೆ ಕಿಟಕಿಯಾಚೆ ನೋಡುತ್ತಾ ಮಳೆಯ ಮಾತು ಎತ್ತಿದರು.

ಹೊಸ ಶೆಡ್ಡಿನ ಗುತ್ತಿಗೆ ಮೈಸೂರಿನ ಯಾರಿಗೋ ಹೋಯಿತು. ಮೊದಲ ಬೋಲ್ಟನ್ನು ಮಲ್ಲಪ್ಪನವರ ಮೊಮ್ಮಗಳ ಕೈಯಲ್ಲಿ ಹಾಕಿಸಿದರಂತೆ. ಮಾತು ನಂಜನಗೂಡಿನವರೆಗೂ ಹರಿಯಿತು. ಅದನ್ನು ಹರಡಲು ನಾನು ಏನೂ ಮಾಡಬೇಕಾಗಲಿಲ್ಲ. ಅಂಥ ಮಾತಿಗೆ ಅದರದೇ ಕಾಲಿರುತ್ತದೆ ಎಂದು ಉಮಾಪತಿಯೇ ನನಗೆ ಕಲಿಸಿದ್ದ. ನಾನು ನಂಬದ ಆಯುಧ ಅದು. ಚೆನ್ನಾಗಿ ಕೊಯ್ಯಿತು.

ಆ ವರ್ಷದ ಮಳೆಗಾಲ ಕಳೆದ ಮೇಲೆ, ಒಂದು ಮಧ್ಯಾಹ್ನ, ಅವನು ನರಸೀಪುರದ ನಮ್ಮ ಮನೆ ಹುಡುಕಿಕೊಂಡು ಬಂದ. ತಲೆಯ ಬಣ್ಣ ಮಾಸಿತ್ತು. ಬುದ್ಧನ ಪಟದ ಕೆಳಗೆ ಕುರ್ಚಿಯ ತುದಿಯಲ್ಲಿ ಕೂತು, ಜಗಳಕ್ಕೆ ಬಂದದ್ದಲ್ಲ ಎಂದು ಮೊದಲೇ ಹೇಳಿದ.

“ನಿಜ ಏಳ್ಬುಡಿ ಸಾ. ಅವತ್ತು ಬೋಲ್ಟ್ ತೂರುದ್ದು ನಾನೇಯಾ?”

ನಾನು ಎದ್ದು ಫ್ಯಾನು ಹಾಕಿದೆ.

“ಅವತ್ತು ನೀವು ಅಂತ ಅಂದೋನು ನಾನೇ. ಆಗ ಗ್ಯಾನ ಇದ್ದು ಅಂದ್ನೋ, ಬಾಯಿಗ್ ಬಂದುದ್ದು ಅಂದ್ಬುಟ್ನೋ, ಅದೂವೆ ಗೊತ್ತಾಯ್ತಿಲ್ಲ. ಈಗ ಏನ್ ಮುಟ್ಟುದ್ರೂ ಮೊದ್ಲು ಕೈ ನೋಡ್ಕತೀನಿ.”

ನನಗೂ ಗೊತ್ತಿಲ್ಲ ಎಂದಿದ್ದರೆ ಅವನ ಹೊರೆ ಅಲ್ಲೇ ಇಳಿಯುತ್ತಿತ್ತು. ಅಷ್ಟು ಹೇಳಲು ಒಂದು ಉಸಿರು ಸಾಕಿತ್ತು. ಗೇಟಿನಲ್ಲಿ ಕೊಡೆ ಹಿಡಿದು ನಿಂತದ್ದು, ಆ ಟೀಯ ಸಕ್ಕರೆ, ಎರಡೂ ನೆನಪಾದವು. ಇವೆರಡರ ವಿಷಯದಲ್ಲಿ ನನ್ನ ನೆನಪಿಗೆ ಯಾವ ಅನುಮಾನವೂ ಇಲ್ಲ.

“ಲೆಕ್ಕ ಸರಿ ಇತ್ತು ಉಮಾಪತಿ,” ಎಂದೆ. “ನನಗೆ ಗೊತ್ತಿರೋದು ಅಷ್ಟೇ.”

ಅವನು ತಲೆಯಾಡಿಸಿದ. ಅಮ್ಮ ಕಾಫಿ ತಂದರು. ಅವನ ಬಲಗೈ ಮುಂದೆ ಬಂತು, ಲೋಟದ ಹತ್ತಿರ ತಡೆಯಿತು, ತೊಡೆಯ ಮೇಲಕ್ಕೆ ವಾಪಸು ಹೋಯಿತು. ಎಡಗೈ ಚಾಚಿ ತೆಗೆದುಕೊಂಡ. ಬೇಗ ಕುಡಿದು ಎದ್ದು ಹೋದ.

ಮನೆಗೆ ಬಂದವನು ಎಡಗೈಯಲ್ಲಿ ಲೋಟ ಇಸಕೊಂಡನಲ್ಲ, ಅಷ್ಟು ವಯಸ್ಸಾಗಿದೆ, ಅಷ್ಟೂ ತಿಳಿಯದಾ ಎಂದು ಅಮ್ಮ ಲೋಟ ತೊಳೆಯುತ್ತಾ ಗೊಣಗಿದರು.

ತಿಳಿಯುತ್ತಮ್ಮ, ಎಂದೆ. ಈಗ ತಿಳಿಯುತ್ತೆ.